ಹೆಸರಿಲ್ಲದ ಗುರುತು

ಹೋದ ವರ್ಷ ದಸರೆಯ ರಜೆಗೆ ಮಗಳು ಬೆಂಗಳೂರಿನಿಂದ ಧಾರವಾಡಕ್ಕೆ ಬಂದಳು. ಹದಿನೈದು ದಿನ ಇದ್ದಳು. ಹೋಳಿಗೆ ಮಾಡಿ ಬಡಿಸಿದೆ, ತಿಂದದ್ದು ಅವಳಿಗೆ ತಿಳಿಯಿತೋ ಇಲ್ಲವೋ. ಬನ್ನಿ ಕೊಡಲು ಬಂದವರ ಮುಂದೆ ಒಂದು ನಿಮಿಷ ನಿಂತು ನಕ್ಕು ಮತ್ತೆ ಕೋಣೆ ಸೇರಿದಳು. ಆ ಹದಿನೈದು ದಿನವೂ ಅವಳು ಮಾಡಿದ್ದು ಒಂದೇ ಕೆಲಸ. ಇಂಗ್ಲಿಷಿನ ‘ಎಸ್’ ಅಕ್ಷರವನ್ನು ಬರೆಯುವುದು, ದೂರ ಹಿಡಿದು ನೋಡುವುದು, ಹರಿದು ಹಾಕುವುದು. ಆ ‘ಎಸ್’ ಒಮ್ಮೆ ಹಂಸವಾಯಿತು, ಒಮ್ಮೆ ಬಳ್ಳಿಯಾಯಿತು, ಒಮ್ಮೆ ಚಕ್ರದೊಳಗೆ ಸುತ್ತಿಕೊಂಡ ಹಾವಾಯಿತು. ಕಸ ಗುಡಿಸುವಾಗ ಎಣಿಸಿದೆ. ಒಂದೇ ದಿನ ನಲವತ್ತಮೂರು ಹಾಳೆ.

“ಏನಿದು?” ಎಂದು ಕೇಳಿದೆ.

“ನನ್ನ ಲೋಗೋ ಅಮ್ಮಾ. ಪೋರ್ಟ್‌ಫೋಲಿಯೋಕ್ಕ ಬೇಕು.”

“ಪೋರ್ಟ್‌ಫೋಲಿಯೋ ಎಲ್ಲದ? ತೋರಿಸು, ನೋಡ್ತೀನಿ.”

“ಅದಿನ್ನೂ ಆಗಿಲ್ಲ. ಮೊದಲ ಲೋಗೋ ಆಗಬೇಕು.”

ಮಗಳು ವಿನ್ಯಾಸ ಕಲಿಯುತ್ತಾಳೆ. ಪುಸ್ತಕದ ಮುಖಪುಟ, ಪೊಟ್ಟಣದ ಮೇಲಿನ ಚಿತ್ರ, ಅಂಗಡಿಯ ಹೆಸರಿನ ಅಕ್ಷರ, ಮೊಬೈಲಿನ ಪರದೆಯ ಮೇಲಿನ ಗುಂಡಿಗಳು, ಇವೆಲ್ಲ ಯಾರೋ ಕೂತು ಯೋಚಿಸಿ ಮಾಡಿದ್ದು ಎಂಬುದೇ ನಮಗೆ ನೆನಪಿರುವುದಿಲ್ಲ. ಹಾಗೆ ಮಾಡುವುದನ್ನು ಕಲಿಸುವ ಕಾಲೇಜು ಅದು. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ತಾವು ಮಾಡಿದ ಒಳ್ಳೆಯ ಕೆಲಸಗಳನ್ನು ಆರಿಸಿ ಒಂದು ಸಂಪುಟ ಮಾಡಬೇಕು. ಕೆಲಸ ಕೊಡುವವರು ನೋಡುವುದು ಅಂಕಪಟ್ಟಿಯನ್ನಲ್ಲ, ಅದನ್ನೇ. ನಮ್ಮ ಕಾಲದ ಹೊಲಿಗೆ ತರಗತಿಯಲ್ಲಿ ನಮೂನೆ ಪುಸ್ತಕ ಇರುತ್ತಿತ್ತಲ್ಲ, ಕಾಜ ಒಂದು ಪುಟ, ನೆರಿಗೆ ಒಂದು ಪುಟ, ಕಸೂತಿ ನಾಲ್ಕು ಪುಟ, ಅದರ ಮೊಮ್ಮಗಳು ಈ ಪೋರ್ಟ್‌ಫೋಲಿಯೋ. ಅದರ ನೆತ್ತಿಯ ಮೇಲೆ ಕೂರಿಸುವ ತನ್ನದೇ ಗುರುತು, ಲೋಗೋ.

ಮನೆಗೆ ಇನ್ನೂ ಪಾಯ ತೋಡಿಲ್ಲ, ಬಾಗಿಲ ಮೇಲಿನ ಹಲಗೆ ಬರೆಸುತ್ತಿದ್ದಾಳೆ ಎಂದು ನನಗೆ ನಗು ಬಂತು. ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಮೊದಲು ಕೆಲಸ ಆರಿಸು, ಗುರುತು ಆಮೇಲೆ ಎಂದೆ. ಅವಳು ಬಿಡಲಿಲ್ಲ. ನೂರು ಜನರ ಕಡತ ಮುಂದೆ ಬಿದ್ದಿರುವವನು ಒಂದೊಂದನ್ನು ಎಷ್ಟು ಹೊತ್ತು ನೋಡುತ್ತಾನೆ? ನೆನಪಿಟ್ಟುಕೊಳ್ಳಲು ಅವನಿಗೊಂದು ಕೊಕ್ಕೆ ಬೇಡವೇ? ಮಾತು ಸುಳ್ಳಲ್ಲ. ಗುರುತು ಎಂದರೆ ಬರೀ ಅಲಂಕಾರ ಎಂದುಕೊಂಡಿದ್ದ ನನಗೆ ಅವಳು ಆ ವಿದ್ಯೆಯ ಕಷ್ಟವನ್ನೂ ತೋರಿಸಿದಳು. ಗುರುತು ಬರಿಯ ಕಪ್ಪು ಬಣ್ಣದಲ್ಲೂ ನಿಲ್ಲಬೇಕು. ಗೋಡೆಯಷ್ಟು ದೊಡ್ಡದಾದರೂ ಉಗುರಿನಷ್ಟು ಚಿಕ್ಕದಾದರೂ ಅದೇ ಆಗಿ ಕಾಣಬೇಕು. ಕಂಪ್ಯೂಟರಿನಲ್ಲಿ ಅಗಲಕ್ಕೆ ಹದಿನಾರು ಚೌಕ, ಎತ್ತರಕ್ಕೆ ಹದಿನಾರು ಚೌಕದಷ್ಟೇ ಜಾಗ ಸಿಕ್ಕಾಗಲೂ ಕಣ್ಣಿಗೆ ಬೀಳಬೇಕು. ಅವಳ ಹಂಸ ಸತ್ತದ್ದು ಅಲ್ಲಿಯೇ. ಚಿಕ್ಕದು ಮಾಡಿದೊಡನೆ ಕತ್ತು ಮಾಯವಾಗಿ ಬಾತುಕೋಳಿಯೂ ಅಲ್ಲದ ಮುದ್ದೆಯಾಯಿತು.

ಚೌಕದ ಮಾತು ಬಂದಾಗ ನನ್ನ ಕಿವಿ ನಿಮಿರಿತು. ನಾನು ಕಸೂತಿ ಹಾಕುವವಳು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಗಂಟು ಕಾಣಬಾರದು, ಗವಂತಿಯಲ್ಲಿ ಮುಂದೆ ಕಂಡದ್ದೇ ಹಿಂದೆಯೂ ಕಾಣಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ, ಎಲ್ಲವೂ ಎಣಿಕೆಯೊಳಗೆ ಹುಟ್ಟಬೇಕು. ಮಗಳು ತನ್ನ ಪಾಠದ ಪುಸ್ತಕದಲ್ಲಿ ಸೂಸನ್ ಕೇರ್ ಎಂಬಾಕೆಯ ಕೆಲಸ ತೋರಿಸಿದಳು. 1984ರಲ್ಲಿ ಬಂದ ಮೆಕಿಂತಾಷ್ ಕಂಪ್ಯೂಟರಿಗೆ ಆಕೆ ಚೌಕದ ಹಾಳೆಯ ಮೇಲೆ ಮನೆ ತುಂಬಿ ತುಂಬಿ ಚಿತ್ರ ಬರೆದಿದ್ದಳಂತೆ. ಅಡ್ಡ ಮೂವತ್ತೆರಡು, ಉದ್ದ ಮೂವತ್ತೆರಡು. ಅದರೊಳಗೆ ಕಸದ ಬುಟ್ಟಿ, ನಗುವ ಪುಟ್ಟ ಕಂಪ್ಯೂಟರು. ನೋಡಿದರೆ ನಮ್ಮ ಕಸೂತಿಯೇ. ಆ ಕ್ಷಣದಲ್ಲಿ ಮಗಳ ವಿದ್ಯೆಗೂ ನನ್ನದಕ್ಕೂ ನಂಟಿದೆ ಎಂದು ಹಿಗ್ಗಿದೆ. ಅಲ್ಲಿಗೆ ಮಾತು ಮುಗಿಸಿದ್ದರೆ ಈ ಬರಹ ಬೇಕಿರಲಿಲ್ಲ.

ಹಾಳೆಗಳನ್ನೆಲ್ಲ ಒಟ್ಟು ಮಾಡಿ ನೋಡುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. “ಇದರಾಗ ನಿನ್ನ ಹೆಸರು ಎಲ್ಲೂ ಇಲ್ಲಲ್ಲ?” ಎಂದೆ.

“ಹೆಸರು ಬ್ಯಾಡ ಅಂದಾರಮ್ಮಾ. ಈಗ ಅಡ್ಡಹೆಸರು ಸೇರಿಸಿ ಲೋಗೋ ಮಾಡಿದರ ನಾಳೆ ಮದುವಿ ಆದಮ್ಯಾಲೆ ಬದಲಾಗ್ತದ. ಎಲ್ಲಾ ಮತ್ತ ಮಾಡಬೇಕಾಗ್ತದ. ಅದಕ್ಕ ಹುಡುಗ್ಯಾರು ಒಂದು ಅಕ್ಷರ ಇಲ್ಲಾ ಒಂದು ಹೂವು ಇಟ್ಟುಕೊಳ್ಳೋದು ಛಲೋ ಅಂತ.”

“ಹುಡುಗರಿಗೂ ಹಿಂಗ ಹೇಳಿದರೇನು?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇಲ್ಲ. ಅವರು ಪೂರ್ತಿ ಹೆಸರು ಹಾಕ್ಯಾರ.”

ನನ್ನ ಜಗಳ ಇಲ್ಲಿಂದ ಶುರು. ಹೇಳಿದವರು ಕೆಟ್ಟವರಲ್ಲ. ಮಕ್ಕಳ ಒಳ್ಳೆಯದನ್ನೇ ಬಯಸಿ ಹೇಳಿದ್ದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯದಲ್ಲಿ ಮುಕ್ಕಾಲು ಪಾಲು ಒಳ್ಳೆಯದನ್ನು ಬಯಸುವವರಿಂದಲೇ ಆಗುವುದು. ಆದರೆ ಆ ಮಾತಿನ ಅರ್ಥವೇನು, ನೀವೇ ಯೋಚಿಸಿ. ಇಪ್ಪತ್ತೊಂದು ವರ್ಷದ ಹುಡುಗಿ ತಾನು ಕಲಿತದ್ದನ್ನು ಲೋಕಕ್ಕೆ ತೋರಿಸಲು ಹೊರಟಿದ್ದಾಳೆ. ಮುಂದೆ ಎಂದೋ ಬರಲಿರುವ, ಇನ್ನೂ ಮುಖವೇ ಗೊತ್ತಿಲ್ಲದ ಒಬ್ಬ ಗಂಡಸಿಗಾಗಿ ಅವಳು ಈಗಲೇ ತನ್ನ ಹಣೆಯ ಮೇಲೆ ಜಾಗ ಖಾಲಿ ಬಿಡಬೇಕು! ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದ ಹಾಗೆ.

ನನಗೆ ಸಿಟ್ಟು ಬಂದದ್ದಕ್ಕೆ ಕಾರಣವಿದೆ. 1994ರಲ್ಲಿ ನಾನು ಹೊಲಿಗೆಯ ಡಿಪ್ಲೊಮಾ ಮುಗಿಸಿದೆ. ನನ್ನ ನಮೂನೆ ಪುಸ್ತಕದ ರಟ್ಟಿಗೆ ಕಪ್ಪು ಖಣದ ಬಟ್ಟೆ ಸುತ್ತಿ, ಅದರ ಮೇಲೆ ನನ್ನ ಹೆಸರನ್ನು ಮುರಗಿ ಹೊಲಿಗೆಯಲ್ಲಿ ಹಾಕಿದ್ದೆ. ಕನ್ನಡದ ದುಂಡು ಅಕ್ಷರ ಎಣಿಕೆಯ ಹೊಲಿಗೆಗೆ ಸುಲಭಕ್ಕೆ ಬಗ್ಗುವುದಿಲ್ಲ. ಎಂಟು ರಾತ್ರಿ ಬೇಕಾಯಿತು. ಎರಡು ವರ್ಷ ಕಳೆದು ಮದುವೆಯಾಯಿತು. ಪರಾತದಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರ ಮೇಲೆ ನನ್ನ ಹೊಸ ಹೆಸರು ಬರೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕಿಯನ್ನು ಮರುದಿನ ಅನ್ನ ಮಾಡಿದರು. ಹೆಸರು ಮಾತ್ರ ಉಳಿಯಿತು.

1999ರಲ್ಲಿ ಒಂದು ಶಾಲೆಯಲ್ಲಿ ಹೊಲಿಗೆ ಶಿಕ್ಷಕಿಯ ಜಾಗ ಖಾಲಿಯಾಯಿತು. ನಮೂನೆ ಪುಸ್ತಕ ಬಗಲಲ್ಲಿಟ್ಟುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಡಿಪ್ಲೊಮಾ ನೋಡಿದರು, ರೇಷನ್ ಕಾರ್ಡು ನೋಡಿದರು, ಪುಸ್ತಕದ ರಟ್ಟು ನೋಡಿದರು. “ಈ ಸರ್ಟಿಫಿಕೇಟಿನ ಹುಡುಗಿ ಯಾರು?” ಎಂದು ಕೇಳಿದರು. ನಾನೇ ಎಂದೆ. “ಹಾಗಂತ ಬರೆಸಿಕೊಂಡು ಬನ್ನಿ” ಎಂದರು. ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿ, ರುಜು ಹಾಕಿಸಿ, ಮೂರನೆಯ ಸಲ ಹೋಗುವಷ್ಟರಲ್ಲಿ ಜಾಗ ತುಂಬಿತ್ತು. ಅವರದೂ ತಪ್ಪಿರಲಿಕ್ಕಿಲ್ಲ, ಕಾಗದ ನೋಡುವುದೇ ಅವರ ಕೆಲಸ. ಆದರೆ ಎಂಟು ರಾತ್ರಿ ಕೂತು ಹಾಕಿದ ನನ್ನ ಹೆಸರೇ ನನ್ನ ವಿರುದ್ಧ ಸಾಕ್ಷಿ ಹೇಳಿದ ಹಾಗಾಯಿತು. ಆ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಅದರ ಮೇಲಿರುವ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಇಲ್ಲ. ಕೊನೆಯದಾಗಿ ಕರೆದವಳು ನನ್ನ ತಾಯಿ.

ಮದುವೆಯಾದ ಹೆಂಗಸು ಹೆಸರು ಬದಲಿಸಲೇಬೇಕು ಎಂಬ ಕಾನೂನು ಈ ದೇಶದಲ್ಲಿ ಇಲ್ಲ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕಾನೂನು ಇಲ್ಲದ್ದನ್ನು ರೂಢಿ ಮಾಡಿಸುತ್ತದೆ, ರೂಢಿ ಮರೆತದ್ದನ್ನು ಹಿತೈಷಿಗಳು ನೆನಪಿಸುತ್ತಾರೆ.

ಹೆಸರಿನದೇನು ದೊಡ್ಡದು, ಕೆಲಸ ಮುಖ್ಯ ಎನ್ನುವವರಿದ್ದಾರೆ. ಬೇಲೂರಿಗೆ ಹೋಗಿ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹಗಳಡಿ ತಮ್ಮ ಹೆಸರನ್ನು ಕನ್ನಡದಲ್ಲೇ ಕೊರೆದಿದ್ದಾರೆ. ಬಿರುದುಗಳನ್ನೂ ಬಿಟ್ಟಿಲ್ಲ. ಮುಂದಿನ ಶತಮಾನದ ಮಲ್ಲಿತಮ್ಮನೂ ಹಾಗೆಯೇ. ಕೆಲಸ ಅಷ್ಟು ಚೆಂದವಿದ್ದರೂ ಅವರಿಗೆ ಹೆಸರು ಬೇಕೆನಿಸಿತು. ಬೇಕೆನಿಸಿದ್ದು ಸರಿಯೇ. ನಾವು ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಗೋಡೆಯ ತುಂಬ ಹೆಂಗಸರು. ಕನ್ನಡಿ ನೋಡುವವಳು, ಗಿಳಿ ಹಿಡಿದವಳು, ಕುಣಿಯುವವಳು. ಎದುರಿಗೆ ಯಾರಾದರೂ ನಿಂತಿದ್ದರೆ, ಆ ಹೆಂಗಸರ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ. ವಚನ ಬರೆದ ಶರಣೆಯರಲ್ಲೂ ಎಷ್ಟೋ ಮಂದಿ ಇಂಥವರ ಪುಣ್ಯಸ್ತ್ರೀ ಎಂದೇ ನಮಗೆ ಪರಿಚಯ. ಪುಣ್ಯ ಅವರದು, ಹೆಸರಿನ ಮೊದಲ ಭಾಗ ಗಂಡನದು.

ಹಳೆಯ ಮಾತು ಬಿಡಿ ಎನ್ನುತ್ತೀರಾ? ಹೊಸ ಲೋಕದ ಕಥೆ ಹೇಳುತ್ತೇನೆ, ಇದೂ ವಿನ್ಯಾಸ ಕಲಿಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳದೇ. 1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ವಿಶ್ವವಿದ್ಯಾಲಯದಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ಹುಡುಗಿ ಓದುತ್ತಿದ್ದಳು. ಅಲ್ಲೇ ಲೆಕ್ಕಶಾಸ್ತ್ರ ಹೇಳುತ್ತಿದ್ದ ಫಿಲ್ ನೈಟ್ ತನ್ನ ಶೂ ಕಂಪನಿಗೆ ಒಂದು ಗುರುತು ಬರೆದುಕೊಡಲು ಹೇಳಿದ. ಆಕೆ ಬರೆದಳು. ಸಿಕ್ಕ ಹಣ 35 ಡಾಲರು. ಅದೇ ನೈಕಿಯ ಗುರುತು. ನಮ್ಮ ಬೀದಿಯ ಹುಡುಗರ ಚಪ್ಪಲಿಯ ಮೇಲೂ ಅದರ ನಕಲು ಇದೆ. ನ್ಯಾಯವಾಗಿ ಹೇಳಬೇಕೆಂದರೆ 1983ರಲ್ಲಿ ಕಂಪನಿ ಆಕೆಯನ್ನು ಕರೆದು ಅದೇ ಗುರುತಿನ ಉಂಗುರವನ್ನೂ ಷೇರುಗಳನ್ನೂ ಕೊಟ್ಟಿತು. ನಾನು ದುಡ್ಡಿನ ಮಾತು ಆಡುತ್ತಿಲ್ಲ. ಆ ಗುರುತನ್ನು ಎಷ್ಟು ಜನ ಬಲ್ಲರು, ಆ ಹೆಸರನ್ನು ಎಷ್ಟು ಜನ ಬಲ್ಲರು? ಬೇರೆಯವರಿಗೆ ಗುರುತು ಬರೆದುಕೊಡುವಾಗ ಬರೆದವಳ ಹೆಸರು ಮರೆಯಾಗುವುದು ಆ ವೃತ್ತಿಯ ಧರ್ಮ, ಒಪ್ಪಿದೆ. ಆದರೆ ತನ್ನದೇ ಗುರುತು ಬರೆದುಕೊಳ್ಳುವಾಗಲೂ ಹುಡುಗಿ ಮರೆಯಾಗಬೇಕೇ? ಆಯುಷ್ಯವಿಡೀ ಪರರ ಹೆಸರು ಬರೆಯಲು ಹೋಗುವವಳಿಗೆ ತನ್ನ ಹೆಸರು ಬರೆಯಲು ಸಿಗುವುದು ಇದೊಂದೇ ಜಾಗ.

ನನ್ನ ಗೆಳತಿಯೊಬ್ಬಳು ಇದಕ್ಕೆಲ್ಲ ನಕ್ಕಳು. “ಈಗ ಕಂಪ್ಯೂಟರಿಗೆ ಹೇಳಿದರ ಒಂದು ನಿಮಿಷಕ್ಕ ಇಪ್ಪತ್ತು ಲೋಗೋ ಕೊಡ್ತದಂತ. ಇಷ್ಟ್ಯಾಕ ತಲಿ ಕೆಡಿಸಿಕೊಳ್ತೀ?” ಎಂದಳು. ಹೌದು, ಕೊಡುತ್ತದೆ. ಮಗಳೇ ಮಾಡಿ ತೋರಿಸಿದಳು. ಎಲ್ಲವೂ ನುಣುಪಾಗಿದ್ದವು, ಎಲ್ಲವೂ ಎಲ್ಲೋ ನೋಡಿದಂತಿದ್ದವು. ಜಾತ್ರೆಯಲ್ಲಿ ಸಿಗುವ ಅಂಟಿಸುವ ರಂಗೋಲಿಯ ಹಾಗೆ. ಅಂಟಿಸಿದ ರಂಗೋಲಿ ಮಳೆಗೂ ಅಳಿಸುವುದಿಲ್ಲ, ನಿಜ. ಆದರೆ ಅದನ್ನು ನೋಡಿ ಈ ಮನೆಯವಳ ಕೈ ಎಂಥದ್ದು ಎಂದು ಯಾರೂ ಹೇಳಲಾರರು. ವಿನ್ಯಾಸ ಕಲಿತವಳ ಕಡತದಲ್ಲಿ ನೋಡುವವರು ಹುಡುಕುವುದು ಕೈಯನ್ನೇ. ಪಾಲ್ ರ‍್ಯಾಂಡ್ ಎಂಬ ದೊಡ್ಡ ವಿನ್ಯಾಸಕಾರ, ಐಬಿಎಂ ಕಂಪನಿಗೆ ಗುರುತು ಬರೆದವನು, ಹೇಳುತ್ತಿದ್ದದ್ದೂ ಇದೇ ಅರ್ಥದ ಮಾತು. ಗುರುತಿಗೆ ತನ್ನದೇ ಆದ ಬೆಲೆ ಇಲ್ಲ, ಅದು ಏನನ್ನು ಸೂಚಿಸುತ್ತದೋ ಅದರ ಗುಣವೇ ಅದರ ಬೆಲೆ. ಹಾಗಿದ್ದ ಮೇಲೆ ಸೂಚಿಸಬೇಕಾದವಳನ್ನೇ ಅಡಗಿಸಿಟ್ಟ ಗುರುತು ಏನನ್ನು ಸೂಚಿಸೀತು?

ಎರಡನೆಯ ಆಕ್ಷೇಪ ಮಗಳದೇ. ಕನ್ನಡದಲ್ಲಿ ಹೆಸರು ಬರೆದರೆ ಹೊರಗಿನವರಿಗೆ ಓದಲು ಬಾರದು. ಅಲ್ಲದೆ ಅವಳ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ. ಇಂಗ್ಲಿಷ್ ಅಕ್ಷರ ಸಾಲಾಗಿ ಶಿಸ್ತಿನಿಂದ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಚಿಕ್ಕದಾಗಿಸಿದರೆ ತಲೆಕಟ್ಟು ಮತ್ತು ಹೊಟ್ಟೆಯ ನಡುವಿನ ಸಂದು ಮುಚ್ಚಿಕೊಂಡು ಮಸಿಯ ಹನಿಯಾಗುತ್ತದೆ. ಒತ್ತು ಕೆಳಗಿನ ಸಾಲಿಗೆ ಕಾಲು ಚಾಚುತ್ತದೆ. ಇದು ಕಷ್ಟ ಎಂದು ನಾನೂ ಬಲ್ಲೆ, ಮುರಗಿಯಲ್ಲಿ ಎಂಟು ರಾತ್ರಿ ಕಳೆದವಳು. ಆದರೆ ಕಷ್ಟವಾದದ್ದನ್ನು ಬಿಡಿಸುವುದಕ್ಕಲ್ಲವೇ ನಾಲ್ಕು ವರ್ಷ ಫೀ ಕಟ್ಟಿದ್ದು? ‘ಎಸ್’ ಅನ್ನು ಹಂಸ ಮಾಡುವುದಕ್ಕೆ ಲೋಕದಲ್ಲಿ ಲಕ್ಷ ಜನರಿದ್ದಾರೆ. ಆ ಒತ್ತಕ್ಷರವನ್ನು ಉಗುರಿನಷ್ಟು ಜಾಗದಲ್ಲಿ ಚೆಂದವಾಗಿ ನಿಲ್ಲಿಸುವವರು ಎಷ್ಟು ಜನ? ಅದನ್ನು ನಿಲ್ಲಿಸಿ ತೋರಿಸಿದರೆ ಅದೇ ಅವಳ ಕಡತದ ಮೊದಲ ಪುಟ. ಓದಲು ಬಾರದವರಿಗೆ ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಬರೆಯಲಿ. ಯಾರು ಬೇಡ ಅಂದರು?

ಮೂರನೆಯ ಆಕ್ಷೇಪಕ್ಕೆ ಮಾತ್ರ ನಾನು ಸೋತೆ. ಹೆಸರು, ಅಡ್ಡಹೆಸರು ಎರಡೂ ಹಾಕು ಎಂದು ನಾನು ಹಟ ಹಿಡಿದಿದ್ದೆ. ಮಗಳು ಕೇಳಿದಳು, “ಅಡ್ಡಹೆಸರು ಯಾರದು ಅಮ್ಮಾ?”

“ನಮ್ಮದು.”

“ನಮ್ಮದಲ್ಲ, ಅಪ್ಪಂದು. ನಿನ್ನದು ಮೊದಲ ಬ್ಯಾರೆ ಇತ್ತಲ್ಲ. ಅಪ್ಪನ ಅಡ್ಡಹೆಸರು ಇರಬಹುದು, ಗಂಡಂದು ಬ್ಯಾಡ ಅಂದ್ರ ಅದು ಹ್ಯಾಂಗ ನನ್ನದಾಗ್ತದ?”

ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅವಳು ಎರಡನ್ನೂ ಬಿಟ್ಟು, ಹುಟ್ಟಿದ ಹನ್ನೆರಡನೆಯ ದಿನ ತೊಟ್ಟಿಲಲ್ಲಿ ಕಿವಿಗೆ ಹೇಳಿದ ಹೆಸರನ್ನಷ್ಟೇ ಇಟ್ಟುಕೊಂಡಳು. ಪೂರ್ತಿಯಾಗಿ, ಕನ್ನಡದಲ್ಲಿ. ತ್ರಿವೇಣಿಯವರ ಕಾದಂಬರಿ ಓದಿದವರು ಯಾರಾದರೂ ತ್ರಿವೇಣಿ ಯಾವ ಮನೆತನದವರು ಎಂದು ಕೇಳಿದ್ದುಂಟೇ? ಒಂದು ಹೆಸರು ಸಾಕು, ಅದರ ಹಿಂದೆ ಕೆಲಸ ಇದ್ದರೆ. ಮುಂದೆ ಅವಳಿಗೇ ಇಷ್ಟವಾಗಿ ಹೆಸರು ಬದಲಿಸಿಕೊಂಡರೆ ಅದು ಅವಳ ಸ್ವಂತ. ಅಂದು ಹೊಸ ಗುರುತು ಬರೆಯಲಿ, ಒಂದು ವಾರದ ಕೆಲಸ. ಇಂದಿನ ಕೆಲಸಕ್ಕೆ ಇಂದಿನ ಹೆಸರು.

ರಜೆ ಮುಗಿಯಲು ಎರಡು ದಿನ ಇದ್ದಾಗ ಅಕ್ಷರ ಕೈಗೆ ಬಂತು. ತಲೆಕಟ್ಟನ್ನು ಅಕ್ಷರದ ಹೊಟ್ಟೆಯಿಂದ ಸ್ವಲ್ಪ ಎತ್ತಿ ಗಾಳಿಯಾಡಲು ಬಿಟ್ಟಳು. ಒತ್ತನ್ನು ಕೆಳಗೆ ನೇತು ಹಾಕದೆ ಪಕ್ಕಕ್ಕೆ ಸರಿಸಿ, ಅಕ್ಷರದ ಮಡಿಲಲ್ಲಿ ಕೂರಿಸಿದಳು. ಅಂಚುಗಳನ್ನು ಕಸೂತಿಯ ಮೆಟ್ಟಿಲಿನ ಹಾಗೆ ಚೌಕ ಚೌಕವಾಗಿ ಮುರಿದಳು. ಅದಕ್ಕೆ ನನ್ನ ನಮೂನೆ ಪುಸ್ತಕವನ್ನು ಟ್ರಂಕಿನಿಂದ ತೆಗೆಸಿ ಎಳೆ ಎಣಿಸಿದ್ದಳು. ಅದು ಚಿಕ್ಕದಾದಾಗಲೂ ನಿಂತಿತು. ಹೆಸರು ಏನೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಹಾಕುವ ಹಕ್ಕು ಅವಳದು.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ಎರಡು ಕಡೆ ಕರೆದರು, ಒಂದು ಕಡೆ ಬೇಡವೆಂದರು, ಇನ್ನೊಂದು ಕಡೆಯ ಉತ್ತರ ಇನ್ನೂ ಬಂದಿಲ್ಲ. ಗುರುತಿನಿಂದ ಕೆಲಸ ಸಿಗುತ್ತದೆ ಎಂದು ನಾನು ಹೇಳಲು ಹೊರಟಿಲ್ಲ. ಹೆಸರು ಹಾಕಿ ಸೋಲುವುದಕ್ಕೂ ಹೆಸರೇ ಇಲ್ಲದೆ ಸೋಲುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತಿದ್ದೇನೆ. ಮೊದಲನೆಯದರಲ್ಲಿ ಮತ್ತೆ ಕರೆಯಲು ಒಂದು ಹೆಸರಾದರೂ ಇರುತ್ತದೆ.

ಈ ಜಗಳ ನಡೆದ ವಾರದಲ್ಲೇ ನಾನು ಒಂದು ಇಳಕಲ್ ಸೀರೆಗೆ ಕಸೂತಿ ಮುಗಿಸಿ ಅಂಗಡಿಗೆ ಕೊಡಲು ಹೋಗಿದ್ದೆ. ಎರಡು ತಿಂಗಳ ಕೆಲಸ. ಅಂಗಡಿಯವರು ನನ್ನೆದುರಿಗೇ ಸೆರಗಿನ ಮೂಲೆಗೆ ತಮ್ಮ ಗುರುತಿನ ಚೀಟಿ ಹೊಲಿದರು. ಇಷ್ಟು ವರ್ಷ ಅದನ್ನು ನೋಡಿಯೂ ನೋಡಿರಲಿಲ್ಲ. ಆ ದಿನ ನೋಡಿದೆ. ನೀವೂ ಒಮ್ಮೆ ನಿಮ್ಮ ಕುಪ್ಪಸದ ಕೊರಳಪಟ್ಟಿ ತಿರುವಿ ನೋಡಿ. ಟೇಲರ್ ಅಂಗಡಿಯದಾದರೆ ಚೀಟಿ ಇರುತ್ತದೆ. ಓಣಿಯ ಅಕ್ಕ ಹೊಲಿದದ್ದಾದರೆ ಇರುವುದಿಲ್ಲ. ಹೊಲಿಗೆ ಎರಡರದೂ ಅಷ್ಟೇ ಗಟ್ಟಿ.

ಈಗ ನಾನು ಹಾಕುವ ಪ್ರತಿ ಸೀರೆಯ ಒಳಅಂಚಿನಲ್ಲಿ, ಉಟ್ಟವರಿಗೂ ಕಾಣದಷ್ಟು ಸಣ್ಣದಾಗಿ, ನನ್ನ ಹೆಸರು ಹಾಕುತ್ತೇನೆ. ಹಳೆಯ ಹೆಸರು. ಅಂಗಡಿಯವರಿಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ಇನ್ನೊಂದು ಜಗಳ ಇದೆ, ಅದಕ್ಕೂ ತಯಾರಿದ್ದೇನೆ. ನಿಮ್ಮ ಮಗಳು ಅಥವಾ ಸೊಸೆ ನಾಳೆ ಯಾವುದಾದರೂ ಕೆಲಸಕ್ಕೆ ತನ್ನ ಗುರುತು ಬರೆಯುತ್ತಾ ಕೂತರೆ, ಹೂವು ಚೆಂದ ಇದೆ ಎಂದು ಹೇಳಿ ಎದ್ದು ಹೋಗಬೇಡಿ. ಇದರಲ್ಲಿ ನಿನ್ನ ಹೆಸರು ಎಲ್ಲಿ ಎಂದು ಒಮ್ಮೆ ಕೇಳಿ.